ಆಷಾಢದ ಗಾಳಿಗೆ ಎಷ್ಟು ಹಾಯಿ?

ಪ್ರಶ್ನೆ: ನಾನು ಹಾಸನದವಳು. ಎರಡು ಹಾಯಿ ಇರುವ 14 ಅಡಿಯ ಹಳೆ ದೋಣಿ ಕೊಂಡಿದ್ದೇನೆ. ಮೊನ್ನೆ ಗೊರೂರು ಹಿನ್ನೀರಿನಲ್ಲಿ ಗಾಳಿ ಎದ್ದು ದೋಣಿ ಮಗುಚುವ ಹಾಗಾಯಿತು. ಜೊತೆಗಿದ್ದ ಮಗಳು ಹೆದರಿಬಿಟ್ಟಳು. ಗಾಳಿ ಜೋರಾದಾಗ ಮುಂದಿನ ಹಾಯಿ ಇಳಿಸಬೇಕಾ, ದೊಡ್ಡದಕ್ಕೆ ರೀಫ್ ಹಾಕಿ, ಅಂದರೆ ಕೆಳಭಾಗ ಮಡಚಿ ಕಟ್ಟಿ, ಚಿಕ್ಕದು ಮಾಡಬೇಕಾ? ಅನುಭವ ಇದ್ದವರು ಹೇಳಿ.

ಮೊದಲ ಉತ್ತರ: ಮೇಡಂ, ಮೊದಲು ದೊಡ್ಡ ಹಾಯಿಗೆ ರೀಫ್ ಹಾಕಿ. ಅದೂ ದಡದಲ್ಲೇ. ನೀರಿಗಿಳಿದ ಮೇಲೆ ನೋಡೋಣ ಅಂದರೆ ಆಗುವುದಿಲ್ಲ. ಒಂದು ಕೈ ಚುಕ್ಕಾಣಿಗೆ, ಇನ್ನೊಂದು ಹಗ್ಗಕ್ಕೆ. ರೀಫ್ ಕಟ್ಟುವುದು ಯಾವ ಕೈಯಲ್ಲಿ?

ಗಾಳಿಯ ವೇಗ ಎರಡರಷ್ಟಾದರೆ ಹಾಯಿ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಕಾಫಿ ಕಣದಲ್ಲಿ ಟಾರ್ಪಾಲು ಮಡಚಿದವರಿಗೆ ಇದು ಗೊತ್ತು. ಸಣ್ಣ ಗಾಳಿಗೆ ಇಬ್ಬರು ಸಾಕು, ಜೋರು ಗಾಳಿ ಅಡಿಗೆ ನುಗ್ಗಿದರೆ ಆರು ಆಳೂ ಸಾಲದು. ನಾನು ನೀರು ನೋಡಿ ತೀರ್ಮಾನ ಮಾಡುತ್ತೇನೆ. ಎಲ್ಲಿ ನೋಡಿದರೂ ಬಿಳಿ ನೊರೆ ಕಾಣುತ್ತಿದ್ದರೆ ಗಾಳಿ ಗಂಟೆಗೆ 20 ಕಿಲೋಮೀಟರ್ ದಾಟಿದೆ ಅಂತ ಲೆಕ್ಕ. ಮಗಳು ಜೊತೆಗಿದ್ದರೆ ಅಷ್ಟಕ್ಕೇ ರೀಫ್ ಹಾಕಿಬಿಡಿ. ಗಾಳಿ ಇಳಿದರೆ ಬಿಚ್ಚುವುದು ಸುಲಭ, ಅಲ್ವಾ?

ಕಟ್ಟುವಾಗ ಒಂದು ಎಚ್ಚರ. ಹಾಯಿಗೆ ಅಡ್ಡವಾಗಿ ಸಾಲು ತೂತು, ಅದರಲ್ಲಿ ದಾರ ಇರುತ್ತದೆ. ನಾನು ಆ ದಾರಗಳನ್ನೇ ಬಿಗಿಯಾಗಿ ಕಟ್ಟಿದ್ದೆ. ಮೊದಲ ಹೊಡೆತಕ್ಕೇ ಮೂರು ತೂತು, ಅಂಗಿಯ ಕಾಜಾ ಕಿತ್ತ ಹಾಗೆ, ಪರ್ರನೆ ಹರಿದವು. ಭಾರ ಹೊರಬೇಕಾದದ್ದು ಎರಡು ಅಂಚಿನ ದೊಡ್ಡ ಬಳೆಗಳು. ಮಾಸ್ಟ್ (ಹಾಯಿ ನಿಲ್ಲಿಸುವ ಕಂಬ) ಕಡೆಯದನ್ನು ಬೂಮಿಗೆ, ಅಂದರೆ ಹಾಯಿಯ ಕೆಳಗಿನ ಅಡ್ಡ ಕೋಲಿಗೆ, ಬಿಗಿಯಿರಿ. ಹಿಂದಿನದನ್ನು ಕೆಳಕ್ಕೂ ಹಿಂದಕ್ಕೂ ಎಳೆದು ಕಟ್ಟಿ. ಹಾಯಿ ಚಪ್ಪಟೆಯಾಗಿ ನಿಲ್ಲಬೇಕು, ಹೊಟ್ಟೆ ಬಿಟ್ಟರೆ ರೀಫ್ ಹಾಕಿಯೂ ಪ್ರಯೋಜನ ಇಲ್ಲ. ನಡುವಿನ ದಾರಗಳ ಕೆಲಸ ಮಿಕ್ಕ ಬಟ್ಟೆ ಜೋತಾಡದ ಹಾಗೆ ಹಿಡಿಯುವುದು ಮಾತ್ರ. ಸಡಿಲವಾಗೇ ಇರಲಿ.

ಬರೀ ಮುಂದಿನ ಹಾಯಿಯಲ್ಲಿ ಹೋದರೆ ದೋಣಿಯ ಮೂತಿ ಗಾಳಿ ಹೋಗುವ ದಿಕ್ಕಿಗೇ ತಿರುಗುತ್ತದೆ, ಗಾಳಿಗೆ ಎದುರಾಗಿ ವಾಪಸ್ ಬರುವುದು ಕಷ್ಟ. ಮುಂದಿನದು ಇಳಿಸಿ ದೊಡ್ಡದನ್ನು ಪೂರ್ತಿ ಬಿಟ್ಟರೆ ಚುಕ್ಕಾಣಿ ಹಿಡಿದ ತೋಳು ಸೋತುಹೋಗುತ್ತದೆ. ರೀಫ್ ಹಾಕಿಯೂ ಜಾಸ್ತಿ ಅನಿಸಿದರೆ ಆಗ ಮುಂದಿನದನ್ನು ಇಳಿಸಿ. ಹಾಯಿ ಚಿಕ್ಕದಾದರೆ ನಿಧಾನ ಅಂತಾರೆ, ನನಗೆ ಹಾಗೆ ಕಂಡಿಲ್ಲ. ಮಗ್ಗುಲಾಗಿ ಓಡುವ ದೋಣಿಗಿಂತ ನೆಟ್ಟಗೆ ಕೂತ ದೋಣಿಯೇ ಮುಂದೆ ಹೋಗುತ್ತದೆ.

ಸಕಲೇಶಪುರದಿಂದ: ನನ್ನದು ಲೇಸರ್ ಅನ್ನುವ ಒಬ್ಬರ ಸಣ್ಣ ದೋಣಿ, ಒಂದೇ ಹಾಯಿ, ರೀಫ್ ಇಲ್ಲ. ದೋಣಿ ಒಂದೇ ಆದರೂ ಅದಕ್ಕೆ ಮೂರು ಅಳತೆಯ ಹಾಯಿ ಬರುತ್ತದೆ. ದೊಡ್ಡದು ಸುಮಾರು 7 ಚದರ ಮೀಟರ್, ಚಿಕ್ಕದು 4.7. ಮಳೆಗಾಲದಲ್ಲಿ ನನಗೆ ಚಿಕ್ಕದೇ. ಇನ್ನೊಂದು ಮಾತು ಅಕ್ಕಾ, ದೊಡ್ಡ ಹಾಯಿಯ ಹಗ್ಗವನ್ನು ಎಲ್ಲೂ ಕಟ್ಟಿಡಬೇಡಿ, ಕೈಯಲ್ಲೇ ಇರಲಿ. ಗಾಳಿ ಹೊಡೆದ ಕ್ಷಣ ಬಿಟ್ಟರೆ ದೋಣಿ ತಾನೇ ಎದ್ದು ಕೂರುತ್ತದೆ.

ಹಾಸನದಿಂದ ಇನ್ನೊಬ್ಬರು: ಹೇಮಾವತಿ ತುಂಬಿದಾಗ ಶೆಟ್ಟಿಹಳ್ಳಿ ಚರ್ಚು ಅರ್ಧ ಮುಳುಗಿರುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ನೀರಿನಡಿ ಇರುವ ಹಳೆ ಗೋಡೆ ಕಾಣುವುದಿಲ್ಲ. ದೋಣಿ ಪೂರ್ತಿ ತಲೆಕೆಳಗಾದರೆ ಮಾಸ್ಟ್ ಹೋಗಿ ಸಿಕ್ಕಿಕೊಳ್ಳಬಹುದು. ಅದಕ್ಕೇ ನಾನು ಮಾಸ್ಟಿನ ತುದಿಗೆ ಮುಚ್ಚಳ ಬಿಗಿದ 5 ಲೀಟರಿನ ಖಾಲಿ ಕ್ಯಾನ್ ಕಟ್ಟುತ್ತೇನೆ. ಮಗುಚಿದರೂ ದೋಣಿ ಮಗ್ಗುಲಲ್ಲೇ ತೇಲುತ್ತಿರುತ್ತದೆ. ಮಗಳಿಗೆ ಲೈಫ್ ಜಾಕೆಟ್ ದಡದಲ್ಲೇ ಹಾಕಿಸಿ.