ಗಾಯದ ಮೇಲೆ ‘ಬರೆ’: ಶಿಕ್ಷೆಯೋ, ಚಿಕಿತ್ಸೆಯೋ?

ಎಲ್ಲರಿಗೂ ನಮಸ್ಕಾರ.

16ನೇ ಶತಮಾನದ ಫ್ರೆಂಚ್ ಸರ್ಜನ್ ಆಂಬ್ರ್ವಾಸ್ ಪಾರೆ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಕೈ ನಿಂತಿದೆ. ಕಾದ ಕಬ್ಬಿಣವನ್ನು ಗಾಯಕ್ಕೆ ಒತ್ತಿ ರಕ್ತ ನಿಲ್ಲಿಸುತ್ತಿದ್ದರಲ್ಲ, ಅದಕ್ಕೆ ಕನ್ನಡದಲ್ಲಿ ಏನು ಹೇಳೋಣ?

ನಾನು ‘ಬರೆ ಹಾಕುವುದು’ ಎಂದು ಬರೆದಿದ್ದೆ. ಕರಡು ಓದಿದ ಸ್ನೇಹಿತರೊಬ್ಬರು ಬೇಡ ಅಂದರು. ಬರೆ ಅಂದರೆ ಈಗ ಶಿಕ್ಷೆ, ಹಿಂಸೆ. ‘ದಹನ ಚಿಕಿತ್ಸೆ’ ಅನ್ನಿ ಎಂಬುದು ಅವರ ಸಲಹೆ. ಆದರೆ ದಹನ ಅಂದ ಕೂಡಲೇ ಹೆಣ ಸುಡುವುದು ನೆನಪಾಗುತ್ತದೆ, ಅಲ್ವಾ?

ಅವರ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ‘ಗಾಯದ ಮೇಲೆ ಬರೆ ಎಳೆದ ಹಾಗೆ’ ಅಂದರೆ ನೋವಿನ ಮೇಲೆ ಇನ್ನೊಂದು ನೋವು, ಅಷ್ಟೇ. ಆದರೆ ಒಂದು ಕಾಲದಲ್ಲಿ ಗಾಯ ವಾಸಿಯಾಗಲಿ ಅಂತಲೇ ಅದನ್ನು ಸುಡುತ್ತಿದ್ದರು. ಕಾಮಾಲೆಗೆ, ದನದ ಕಾಯಿಲೆಗೆ ಬರೆ ಹಾಕಿಸುವ ರೂಢಿ ನಮ್ಮ ಹಳ್ಳಿಗಳಲ್ಲೂ ಇತ್ತು. ಅದು ಒಳ್ಳೆಯದು ಅಂತ ಹೇಳುತ್ತಿಲ್ಲ. ಕಾಮಾಲೆಗೆ ಬರೆ ಹಾಕಿಸಿ ಆಸ್ಪತ್ರೆಗೆ ತಡವಾಗಿ ಹೋಗುವುದು ಅಪಾಯ. ಪದದ ಬಳಕೆ ಮಾತ್ರ ನೋಡುತ್ತಿದ್ದೇನೆ.

ಆಯುರ್ವೇದದ ಹಳೆಯ ಗ್ರಂಥ ಸುಶ್ರುತ ಸಂಹಿತೆಯ ಮೊದಲ ಭಾಗ ಸೂತ್ರಸ್ಥಾನದ 12ನೇ ಅಧ್ಯಾಯ ಪೂರ್ತಿ ಅಗ್ನಿಕರ್ಮದ್ದೇ, ಅಂದರೆ ಸುಟ್ಟು ಮಾಡುವ ಚಿಕಿತ್ಸೆಯದ್ದೇ. ಯಾವುದರಿಂದ ಸುಡಬೇಕು, ಯಾವ ಕಾಲದಲ್ಲಿ ಸುಡಬಾರದು, ಸುಟ್ಟ ಮೇಲೆ ಜೇನು, ತುಪ್ಪ ಎರಡನ್ನೂ ಹಚ್ಚಬೇಕು, ಎಲ್ಲವೂ ಅಲ್ಲಿದೆ. ಸುಡುವ ಆಕಾರಗಳನ್ನೂ ಹೇಳಿದ್ದಾರೆ: ವಲಯ, ಬಿಂದು, ವಿಲೇಖ, ಪ್ರತಿಸಾರಣ (ಉಜ್ಜಿದ ಹಾಗೆ ಸುಡುವುದು). ಈ ವಿಲೇಖ ಅಂದರೆ ಗೆರೆ. ನಮ್ಮ ‘ಬರೆ’ಗೂ ಗೆರೆ ಎಂಬ ಅರ್ಥ ಇದೆ. ‘ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಹಾಗೆ’ ಗಾದೆಯಲ್ಲಿ ಹುಲಿಯದು ಗೆರೆ, ನರಿಯದು ಸುಟ್ಟ ಗಾಯ; ಎರಡಕ್ಕೂ ಒಂದೇ ಮಾತು. ಹಾಗಾಗಿ ‘ಬರೆ’ ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಅನಿಸುತ್ತದೆ. ರಕ್ತ ನಿಲ್ಲಿಸಲು ಸುಶ್ರುತ ಹೇಳುವ ನಾಲ್ಕು ದಾರಿಗಳಲ್ಲಿ ಸುಡುವುದು ಕೊನೆಯದು. ಉಳಿದದ್ದು ಕೆಲಸಕ್ಕೆ ಬಾರದಿದ್ದಾಗ ಮಾತ್ರ.

ಪಾರೆಯ ಕಾಲದ ಯುರೋಪಿನಲ್ಲಿ ಇಷ್ಟು ಹಿಡಿತ ಇರಲಿಲ್ಲ. ಗುಂಡೇಟಿನ ಗಾಯಕ್ಕೆ ಬಂದೂಕಿನ ಮದ್ದಿನ ಪುಡಿಯ ವಿಷ ಸೇರುತ್ತದೆ ಎಂದು ನಂಬಿ, ಕುದಿಯುವ ಎಣ್ಣೆ ಸುರಿಯುತ್ತಿದ್ದರು. ಇಟಲಿಯ ಪೀಡ್‌ಮಾಂಟ್‌ನಲ್ಲಿ ನಡೆದ ಯುದ್ಧದಲ್ಲಿ ಪಾರೆಯ ಬಳಿ ಎಣ್ಣೆ ಮುಗಿದುಹೋಯಿತು. ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ಸುಡದೆ ಬಿಟ್ಟವರು ಸತ್ತೇಹೋಗುತ್ತಾರೇನೋ ಎಂದು ರಾತ್ರಿಯಿಡೀ ಅವನಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಅವರಿಗೆ ನೋವು ಕಮ್ಮಿ, ಊತ ಇಲ್ಲ. ಎಣ್ಣೆ ಸುರಿಸಿಕೊಂಡವರಿಗೆ ಜ್ವರ, ಜಾಸ್ತಿ ನೋವು, ಗಾಯದ ಸುತ್ತ ಊತ. ಇನ್ನು ಮೇಲೆ ಯಾರನ್ನೂ ಹೀಗೆ ಸುಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದ. 1545ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದ, ಅದೂ ಪಂಡಿತರ ಲ್ಯಾಟಿನ್ ಬಿಟ್ಟು ಆಡುಮಾತಿನ ಫ್ರೆಂಚ್‌ನಲ್ಲಿ. ಮುಂದೆ 1552ರಲ್ಲಿ, ಕಾಲು ಕತ್ತರಿಸಿದ ಮೇಲೆ ಕಾದ ಕಬ್ಬಿಣದ ಬದಲು ರಕ್ತನಾಳಗಳನ್ನೇ ದಾರದಿಂದ ಕಟ್ಟಿದ.

ಇಲ್ಲಿ ‘ದಹನ ಚಿಕಿತ್ಸೆ’ ಅಂದರೆ ಆ ಸೈನಿಕರು ಪಟ್ಟ ಪಾಡು ಮಕ್ಕಳಿಗೆ ತಟ್ಟುವುದೇ ಇಲ್ಲ. ಸದ್ಯಕ್ಕೆ ಎಣ್ಣೆಗೆ ‘ಸುಡುವುದು’, ಕಬ್ಬಿಣಕ್ಕೆ ‘ಬರೆ ಹಾಕುವುದು’ ಎಂದು ಇಟ್ಟುಕೊಂಡಿದ್ದೇನೆ.

ನನ್ನ ಪ್ರಶ್ನೆ ಎರಡು. ಕಾಯಿಲೆಗೆ ಸುಡುವುದನ್ನು ಕೆಲವು ಕಡೆ ‘ಚುಟಿಕೆ ಹಾಕುವುದು’ ಅನ್ನುತ್ತಾರೆ. ನಿಮ್ಮ ಊರಿನಲ್ಲಿ ಚುಟಿಕೆಗೂ ಬರೆಗೂ ವ್ಯತ್ಯಾಸ ಮಾಡುತ್ತಾರಾ? ಹಾಗೆಯೇ, ರಕ್ತ ನಿಲ್ಲಿಸಲು ಸುಡುವುದಕ್ಕೇ ಮೀಸಲಾದ ಮಾತನ್ನು ನಾಟಿವೈದ್ಯರ ಬಾಯಲ್ಲಿ ಯಾರಾದರೂ ಕೇಳಿದ್ದೀರಾ? ಗೊತ್ತಿದ್ದವರು ಊರು, ತಾಲ್ಲೂಕಿನ ಹೆಸರಿನ ಜೊತೆ ತಿಳಿಸಿ.