ಸಹಾಯ ಬೇಕು: ‘ಕ್ಯುರೇಟ್ಸ್ ಎಗ್’ ಅಂದ್ರೆ ಅರೆಬರೆ ಹೊಗಳಿಕೆಯೋ, ಪೂರ್ತಿ ತೆಗಳಿಕೆಯೋ?

ಎಲ್ಲರಿಗೂ ನಮಸ್ಕಾರ. ಲಂಡನ್ನಿನ ಹಳೇ ನಾಟಕ ವಿಮರ್ಶೆಯೊಂದನ್ನ ಕನ್ನಡಕ್ಕೆ ತರ್ತಾ ಇದ್ದೀನಿ. ಕೊನೇ ಸಾಲಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ. ಇಡೀ ಪ್ರದರ್ಶನ ಒಂದು ‘ಕ್ಯುರೇಟ್ಸ್ ಎಗ್’ (ಪದಶಃ ‘ಕಿರಿಯ ಪಾದ್ರಿಯ ಮೊಟ್ಟೆ’) ಅಂತ ಬರೆದು ಮುಗಿಸಿಬಿಟ್ಟಿದ್ದಾನೆ ಪುಣ್ಯಾತ್ಮ.

ನಿಘಂಟು ನೋಡಿದೆ. ‘ಸ್ವಲ್ಪ ಚೆನ್ನಾಗಿದೆ, ಸ್ವಲ್ಪ ಚೆನ್ನಾಗಿಲ್ಲ’ ಅಂತಿದೆ. ಆದ್ರೆ ಈ ಮಾತು ಹಬ್ಬಿದ್ದು 1895ರಲ್ಲಿ ‘ಪಂಚ್’ ಅನ್ನೋ ಬ್ರಿಟಿಷ್ ಹಾಸ್ಯ ಪತ್ರಿಕೆಯಲ್ಲಿ ಬಂದ ಜಾರ್ಜ್ ಡು ಮೊರಿಯೇ ವ್ಯಂಗ್ಯಚಿತ್ರದಿಂದ. ಬಿಷಪ್ ಮನೇಲಿ ತಿಂಡಿಗೆ ಕೂತ ಕಿರಿಯ ಪಾದ್ರಿಗೆ ಕೆಟ್ಟ ಮೊಟ್ಟೆ ಬಂದಿರುತ್ತೆ. ಅದು ಕೆಟ್ಟಿದೆ ಅಂತ ಬಿಷಪ್ಪೇ ಹೇಳಿದ್ರೂ ಈತ, ಇಲ್ಲ ಸ್ವಾಮಿ, ಕೆಲವು ಭಾಗ ಅದ್ಭುತವಾಗಿದೆ ಅಂತಾನೆ! (ದೊಡ್ಡವರ ಮನೆ ದಾಕ್ಷಿಣ್ಯ, ನಮಗೇನು ಗೊತ್ತಿಲ್ವಾ.) ಕೆಟ್ಟ ಮೊಟ್ಟೇಲಿ ಒಳ್ಳೇ ಭಾಗ ಎಲ್ಲಿಂದ ಬರಬೇಕು? ಆ ಲೆಕ್ಕದಲ್ಲಿ ‘ಪೂರ್ತಿ ಕೆಟ್ಟಿದೆ, ಹೇಳೋಕೆ ಸಂಕೋಚ’ ಅಂತಾಗ್ಬೇಕು.

‘ಮಿಶ್ರಫಲ’ ಅಂತ ಬರೆದು ನೋಡಿದೆ, ಕುಹಕವೇ ಹಾರಿಹೋಯ್ತು. ವಿಮರ್ಶೆಯ ಉಳಿದ ಭಾಗ ಬರೀ ಕಥಾಸಾರ, ಸುಳಿವೇ ಇಲ್ಲ.

ಬ್ರಿಟಿಷ್ ಇಂಗ್ಲಿಷ್ ಬಳಕೆ ಬಲ್ಲವರು ದಯವಿಟ್ಟು ಹೇಳಿ: ನಾಟಕ ವಿಮರ್ಶೆಯಲ್ಲಿ ಈ ಮಾತು ಬಂದ್ರೆ ಅಲ್ಲಿನ ಓದುಗರು ಯಾವ ಅರ್ಥ ತಗೊಳ್ತಾರೆ, ಅರ್ಧ ಚೆನ್ನಾಗಿದೆ ಅಂತಲೋ, ಪೂರ್ತಿ ಕೆಟ್ಟಿದೆ ಅಂತಲೋ?