ಅಪ್‌ಡೇಟ್: ಟಿಗ್ ವೆಲ್ಡಿಂಗ್‌ಗೆ ಆರ್ಗಾನ್ ಗ್ಯಾಸ್ ಫ್ಲೋ ಸೆಟ್ ಆಯ್ತು

2 ಎಂಎಂ ಸ್ಟೇನ್‌ಲೆಸ್ ಶೀಟಿನ ಮೇಲೆ ಬೀಡ್ (ವೆಲ್ಡ್ ಗೆರೆ) ಬೂದಿ ಬಣ್ಣಕ್ಕೆ ತಿರುಗುತ್ತಿದೆ, ಅದಕ್ಕೆ ಗಾಳಿ ತಾಗದಂತೆ ಬಿಡುವ ಗ್ಯಾಸ್ ಎಷ್ಟಿಡಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಧನ್ಯವಾದ.

ನಿಮಿಷಕ್ಕೆ 15 ಲೀಟರ್ ಇದ್ದದ್ದನ್ನು 7ಕ್ಕೆ ಇಳಿಸಿದೆ. ಟಾರ್ಚ್ ತುದಿಯಲ್ಲಿ ಗ್ಯಾಸ್ ಹೊರಬರುವ 6ನೇ ನಂಬರ್ ಕಪ್‌ಗೆ ಅಷ್ಟು ಸಾಕು. ಜಾಸ್ತಿ ಬಿಟ್ಟರೆ ಗ್ಯಾಸ್ ಸುಳಿಯೆದ್ದು ಸುತ್ತಲಿನ ಗಾಳಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ ಅಂತ ಒಬ್ಬರು ಹೇಳಿದ್ದು ನೂರಕ್ಕೆ ನೂರು ನಿಜ. ಫ್ಲೋ ಅಳೆಯುವ ಪುಟ್ಟ ಟ್ಯೂಬನ್ನು ಕಪ್‌ನ ಬಾಯಿಗೇ ಹಿಡಿದು ನೋಡಿದಾಗ ರೆಗ್ಯುಲೇಟರ್‌ಗಿಂತ ಕಡಿಮೆ ತೋರಿಸಿತು. ಟಾರ್ಚ್ ಹಿಂದಿನ ಕ್ಯಾಪಿನ ಓ-ರಿಂಗ್ (ರಬ್ಬರ್ ಸೀಲ್) ಸವೆದು ಗ್ಯಾಸ್ ಸೋರುತ್ತಿತ್ತು, ಬದಲಿಸಿದೆ. ವೆಲ್ಡಿಂಗ್ ಮಾಡುವಾಗ ಫ್ಯಾನ್ ಆಫ್.

80 ಆಂಪ್ಸ್‌ಗೆ ಪೋಸ್ಟ್‌ಫ್ಲೋ (ಆರ್ಕ್ ನಿಂತ ಮೇಲೂ ಗ್ಯಾಸ್ ಹರಿಯುವ ಸಮಯ) 8 ಸೆಕೆಂಡ್ ಇಟ್ಟಿದ್ದೇನೆ, ಟಂಗ್‌ಸ್ಟನ್ (ಆರ್ಕ್ ಹೊಮ್ಮುವ ಕಡ್ಡಿ) ತುದಿ ಕಪ್ಪಾಗುತ್ತಿಲ್ಲ. ಬೀಡ್ ಈಗ ಹೊಂಬಣ್ಣ! ಮೂಲೆ ಜಾಯಿಂಟಿಗೆ ಟಂಗ್‌ಸ್ಟನ್ ಹೊರಚಾಚಬೇಕು, ಅದಕ್ಕೆ ಗ್ಯಾಸ್ ಲೆನ್ಸ್ (ಗ್ಯಾಸನ್ನು ಸುಳಿಯೇಳದಂತೆ ನೇರ ಹರಿಸುವ ಜಾಲರಿ) ತರಿಸುತ್ತಿದ್ದೇನೆ.